ಹೊಕ್ಕುಳ ಬಳ್ಳಿ ಮತ್ತು ಕಡಲ ಜೊಲ್ಲು

ಆ ಭಾನುವಾರ ಸಮತ್ಯದ ಕಡಲ ದಡದ ಬಂಡೆಗಳ ಮೇಲೆ ಕಾಲಿಟ್ಟ ಕೂಡಲೇ ನನಗೆ ವಾಕರಿಕೆ ಬಂತು. ಮೂವತ್ತು ವರ್ಷದಿಂದ ನಾನು ಈಜುವ ಜಾಗ ಅದು. ಇಡೀ ಇಸ್ತಾಂಬುಲಿನಲ್ಲಿ ನನ್ನದು ಅಂತ ಇರುವುದು ಅಲ್ಲಿನ ಒಂದು ಚಪ್ಪಟೆ ಬಂಡೆ ಮಾತ್ರ. ಅಂದು ಅದರ ಸುತ್ತ ನೀರೇ ಕಾಣುತ್ತಿರಲಿಲ್ಲ. ರೋಗ ಬಂದ ಎಮ್ಮೆಯ ಬಾಯಿಂದ ಇಳಿದಂಥ ಬೂದು ಲೋಳೆ ದಡದಿಂದ ನೂರು ಮಾರು ದೂರ ಹರಡಿತ್ತು. ಕಡಲ ಜೊಲ್ಲು ಎನ್ನುತ್ತಾರೆ ಇದನ್ನು. ಅದರ ಮೇಲೆ ಕಲ್ಲಂಗಡಿ ಸಿಪ್ಪೆ, ಸಿಗರೇಟು ತುಂಡು, ಯಾರದೋ ಮಗುವಿನ ತುಂಬಿದ ಡೈಪರ್. ಬಿಸಿಲಿಗೆ ಎಲ್ಲ ಸೇರಿ ಹುಳಿತು ನಾರುತ್ತಿತ್ತು.

ನನ್ನ ಜೇಬಿನಲ್ಲಿ ಮೊಮ್ಮಗಳ ಹೊಕ್ಕುಳ ಬಳ್ಳಿ ಇತ್ತು. ಹುಟ್ಟಿದ ಒಂಬತ್ತನೆಯ ದಿನ ಉದುರಿದ್ದು, ಒಣದ್ರಾಕ್ಷಿಯಷ್ಟು. ಮಗಳು ಗುಲ್ಸೆರೆನ್ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಬಿಗಿದು ಕೊಟ್ಟಿದ್ದಳು. ಬಳ್ಳಿ ಎಲ್ಲಿ ಬೀಳುತ್ತದೋ ಮಗುವಿನ ಬಾಳು ಅತ್ತ ಹೋಗುತ್ತದೆ. ಶಾಲೆಯ ಅಂಗಳದಲ್ಲಿ ಹೂತರೆ ಓದುತ್ತದೆ, ಸಮುದ್ರಕ್ಕೆ ಬಿಟ್ಟರೆ ಲೋಕ ನೋಡುತ್ತದೆ. ನನ್ನದನ್ನು ಅವ್ವ ಊರಿನ ಕೊಟ್ಟಿಗೆಯ ಹೊಸ್ತಿಲಲ್ಲಿ ಹೂತಿದ್ದಳು, ದನ ಚೆನ್ನಾಗಿ ನೋಡಿಕೊಳ್ಳಲಿ ಅಂತ. ಊರು ಬಿಟ್ಟೆ, ದನ ಬಿಟ್ಟೆ, ಬಾಚುವ ಕೆಲಸ ಮಾತ್ರ ನನ್ನನ್ನು ಬಿಡಲಿಲ್ಲ. ಐದು ಮಹಡಿಯ ಕಟ್ಟಡವೊಂದರ ಕಾವಲುಗಾರ ನಾನು. ದಿನಾ ಹದಿನೆಂಟು ಮನೆಗಳ ಕಸ ಎತ್ತುತ್ತೇನೆ. ಇದನ್ನೆಲ್ಲ ನಂಬಬೇಡ ಎನ್ನುವವರು ನನ್ನ ಜೊತೆ ಒಂದು ದಿನ ಕಸ ಎತ್ತಲಿ.

"ಅಪ್ಪಾ, ನಿನ್ನ ಬಂಡೆ ಹತ್ರಾನೇ ಬಿಡು," ಎಂದಿದ್ದಳು ಗುಲ್ಸೆರೆನ್. "ತಳ ಕಾಣೋವಷ್ಟು ತಿಳಿ ನೀರು ಅಂತ ನಾನು ಚಿಕ್ಕೋಳಿದ್ದಾಗಿಂದ ಕೊಚ್ಕೋತಿದ್ದೀಯಲ್ಲ. ಇವಳು ನಮ್ಮ ಹಾಗೆ ಇನ್ನೊಬ್ರ ಮನೆ ಮೆಟ್ಲು ತಿಕ್ಕೋದು ಬೇಡ."

ನನ್ನ ಬಂಡೆಯ ಮೇಲೆ ಒಂದು ಕುಟುಂಬ ಕಂಬಳಿ ಹಾಸಿ ಕುಳಿತಿತ್ತು. ಯಜಮಾನ ಮಾಂಸ ಸುಟ್ಟ ಜಾಲರಿಯನ್ನು ನೀರಿನಲ್ಲಿ ಅದ್ದಿ ತಿಕ್ಕುತ್ತಿದ್ದ. ಕೊಬ್ಬು ಜೊಲ್ಲಿನ ಮೇಲೆ ಮಿನುಗುತ್ತಿತ್ತು.

"ಏಯ್, ಇದೇನು ಸಮುದ್ರನಾ, ನಿಮ್ಮನೆ ಬಚ್ಚಲಾ?" ಎಂದು ಕೂಗಿದೆ.

"ಬಚ್ಚಲೇ, ಚಿಕ್ಕಪ್ಪ. ನೋಡಿದ್ರೆ ಗೊತ್ತಾಗಲ್ವಾ?" ಎಂದು ಅವನು ಜಾಲರಿ ಝಾಡಿಸಿದ. ಅವನ ಹೆಂಡತಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ನಕ್ಕಳು.

ಮೇಲಿನ ಬಂಡೆಯಲ್ಲಿ ವೇಸೆಲ್ ಚಹಾ ಕಾಯಿಸುತ್ತಿದ್ದ. ಟೈರಿಗೆ ಪಂಕ್ಚರ್ ಹಾಕುವವನು, ನನ್ನ ಹಳೆಯ ಈಜಿನ ಜೊತೆಗಾರ. "ಬಾ ಸತಿಲ್ಮಿಶಣ್ಣಾ. ಬೈದ್ರೆ ಜೊಲ್ಲು ಹೋಗುತ್ತಾ? ಹೋದ ವರ್ಷ ನೀನು ಗಾಳಿಗೂ ಬೈದಿದ್ದೆ."

ಬಂದ ಕೆಲಸ ಹೇಳಿದೆ. ಅವನು ನೀರು ನೋಡಿದ, ನನ್ನ ಮುಖ ನೋಡಿದ. "ಇದ್ರೊಳಗಾ? ಬೇಡಣ್ಣ. ವಾಪಸ್ ತಗೊಂಡು ಹೋಗು."

ವಾಪಸು ಹೋಗಿ ಮಗಳಿಗೆ ಏನೆಂದು ಹೇಳಲಿ? ನನ್ನ ಸಮುದ್ರ ಕೊಳೆತಿದೆ ಎಂದೇ? ಸಿಟ್ಟು ನೆತ್ತಿಗೇರಿತು. ಚೀಲವನ್ನು ಇದ್ದ ಶಕ್ತಿಯೆಲ್ಲ ಹಾಕಿ ಬೀಸಿ ಎಸೆದೆ. ಹಗುರ ವಸ್ತು, ಹತ್ತು ಮಾರು ಕೂಡ ಹೋಗಲಿಲ್ಲ. ಲೋಳೆಯ ಮೇಲೆ ಪಚಕ್ ಎಂದು ಕುಳಿತಿತು. ಗಂಟಿನೊಳಗೆ ಗಾಳಿ ಸಿಕ್ಕಿಕೊಂಡಿತ್ತು, ಮುಳುಗಲಿಲ್ಲ. ತೆಂಕಣ ಗಾಳಿ ಅದನ್ನು ಮೆಲ್ಲಗೆ ದಡಕ್ಕೆ ತಳ್ಳಿಕೊಂಡು ಬಂದು ಡೈಪರ್ ಪಕ್ಕದಲ್ಲಿ ನಿಲ್ಲಿಸಿತು.

"ನಿಮ್ಮ ಹುಡುಗಿ ಆಗ್ಲೇ ಲೋಕ ಸುತ್ತಿ ಬಂದ್ಲಲ್ಲಣ್ಣ," ಎಂದ ವೇಸೆಲ್. ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

ಜಾಲರಿಯವನು ಎದ್ದು ನಿಂತಿದ್ದ. "ಏನ್ ಚಿಕ್ಕಪ್ಪ, ಸಮುದ್ರಕ್ಕೆ ಪ್ಲಾಸ್ಟಿಕ್ ಎಸೀತೀರಾ? ನಿಮ್ಮನೆ ಬಚ್ಚಲಾ ಇದು?"

ಅಂಗಿ ಪ್ಯಾಂಟು ಬಿಚ್ಚಿ ಇಳಿದೆ.

ಲೋಳೆ ಹೊಟ್ಟೆಗೆ, ಕಂಕುಳಿಗೆ, ಗಡ್ಡಕ್ಕೆ ಮೆತ್ತಿಕೊಂಡಿತು. ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ, ಈಜಲು ಎರಡೂ ಕೈ ಬೇಕಿತ್ತಲ್ಲ. ಪ್ರತಿ ಉಸಿರಿಗೂ ಕೊಳೆತ ಮೊಟ್ಟೆಯ ವಾಸನೆ. ತುಟಿಯ ಸಂದಿನಿಂದ ಏನೋ ಒಳಗೆ ಜಾರಿತು. ಏನೆಂದು ಇವತ್ತಿಗೂ ನೆನೆಯಲು ಇಷ್ಟವಿಲ್ಲ. ಅರ್ಧ ದಾರಿಯಲ್ಲಿ ಹೊಟ್ಟೆಯೊಳಗಿದ್ದ ಆಲಿವ್, ಚೀಸ್ ಎಲ್ಲ ಗಂಟಲಿಗೆ ಬಂದವು. ಬಾಯಿ ತೆರೆದರೆ ಹುಡುಗಿಯ ಬಾಳು ಅಲ್ಲೇ ಬೀಳುತ್ತದೆ. ನುಂಗಿಕೊಂಡು ಕೈ ಬೀಸಿದೆ.

ಲಂಗರು ಹಾಕಿದ ಮೀನುದೋಣಿ ದಾಟಿದ ಮೇಲೆ ಲೋಳೆ ತೆಳುವಾಯಿತು. ಆಮೇಲೆ ಕಾಲಿಗೆ ತಣ್ಣನೆಯ ಸೆಳೆತ ಸಿಕ್ಕಿತು. ಹಲ್ಲಿನಿಂದ ಗಂಟು ಹರಿದು ಬಳ್ಳಿಯನ್ನು ಅಂಗೈಗೆ ಸುರಿದುಕೊಂಡೆ. ಕೈ ನೀರಿಗೆ ಇಳಿಸಿದೆ. ನೀರೇ ಎತ್ತಿಕೊಂಡಿತು. ಒಂದು ಕ್ಷಣ ಕಪ್ಪಗೆ ಕಂಡಿತು, ಮತ್ತೆ ಕಾಣಲಿಲ್ಲ. ಖಾಲಿ ಚೀಲವನ್ನು ಚಡ್ಡಿಯೊಳಗೆ ಸಿಕ್ಕಿಸಿ ಮತ್ತೆ ಅದೇ ಹೊಲಸಿನೊಳಗೆ ಈಜಿ ಬಂದೆ. ವೇಸೆಲ್ ಕುಡಿಯುವ ನೀರಿನ ಕ್ಯಾನನ್ನು ಪೂರ್ತಿ ನನ್ನ ತಲೆಗೆ ಸುರಿದ. ಜಾಲರಿಯವನನ್ನು ನಾನು ನೋಡಲಿಲ್ಲ.

ಮನೆಯಲ್ಲಿ ಗುಲ್ಸೆರೆನ್ ಮಗುವನ್ನು ಎತ್ತಿಕೊಂಡು ಬಾಗಿಲಿಗೇ ಬಂದಳು. "ಬಿಟ್ಯಾ ಅಪ್ಪಾ? ನೀರು ತಿಳಿಯಾಗಿತ್ತಾ?"

ನನ್ನ ಬಲಗಿವಿಯಲ್ಲಿ ಇನ್ನೂ ಲೋಳೆ ಗುಳುಗುಳು ಎನ್ನುತ್ತಿತ್ತು.

"ತಣ್ಣಗಿತ್ತು," ಎಂದೆ. "ದೂರ ಇರು. ಮಗೂನ ನನ್ನ ಹತ್ರ ತರಬೇಡ, ಮೊದ್ಲು ಮೈ ತೊಳ್ಕೋತೀನಿ."