ಮೇಷ್ಟ್ರ ತಲೆ ಯಾವ ಕಡೆ

ಮಧುಗಿರಿಯಲ್ಲಿ ಯಾರ ತಲೆ ಯಾವ ದಿಕ್ಕಿಗಿದೆ ಎಂಬುದು ರೇಣುಕಯ್ಯನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಬದುಕಿರುವವರ ತಲೆಯ ಮಾತಲ್ಲ ಇದು. ಆ ತಲೆಗಳು ದಿನಕ್ಕೊಂದು ದಿಕ್ಕಿಗೆ ತಿರುಗುತ್ತವೆ, ಅವನ್ನು ನೆನಪಿಡುವುದು ದೇವರಿಗೂ ಕಷ್ಟ. ರೇಣುಕಯ್ಯ ಬಲ್ಲದ್ದು ಮಣ್ಣಿನಡಿ ಮಲಗಿದವರ ತಲೆ. ಮೂರು ತಲೆಮಾರಿನಿಂದ ಅವನ ಮನೆಯವರದು ಗುಣಿ ತೋಡುವ ಕೆಲಸ. ಊರಿನವರಿಗಾದರೆ ತಲೆ ದಕ್ಷಿಣಕ್ಕೆ. ಬೆಟ್ಟದ ಮೂಡಲಿಗೆ, ಬೇವಿನ ಮರಗಳ ನಡುವೆ ಇರುವ ಕ್ರೈಸ್ತರ ಸಮಾಧಿ ತೋಟದಲ್ಲಾದರೆ ತಲೆ ಪಡುವಲಿಗೆ, ಕಾಲು ಮೂಡಲಿಗೆ.

ಯಾಕೆ ಹಾಗೆ ಎಂದು ಚಿಕ್ಕವನಿದ್ದಾಗ ಅವನು ಅಪ್ಪನನ್ನು ಕೇಳಿದ್ದ.

"ಅವ್ರೆಲ್ಲಾ ಒಂದಿನ ಏಳ್ತಾರಂತೆ ಕಣ್ಲಾ. ಎದ್ದು ಕೂತ್ರೆ ಮಕ ಮೂಡ್ಲಾಗಿರ್ಬೇಕು. ಅವರ ಸ್ವಾಮಿ ಆ ಕಡೆಯಿಂದ ಬತ್ತಾನಂತೆ" ಎಂದಿದ್ದ ಅಪ್ಪ, ಬೀಡಿ ಹಚ್ಚುತ್ತಾ.

"ನಾವು ಇಷ್ಟು ಮಣ್ಣು ಹಾಕಿದ್ರೂ ಏಳ್ತಾರಾ?"

"ಮುಚ್ಚೋದು ನಮ್ಮ ಕೆಲಸ. ಏಳೋದು ಬುಡೋದು ಅವ್ರಿಗೆ ಬುಟ್ಟಿದ್ದು."

ಅಪ್ಪನ ಆ ಮಾತನ್ನೇ ಹಿಡಿದುಕೊಂಡು ರೇಣುಕಯ್ಯ ನಲವತ್ತೈದು ವರ್ಷ ನೆಮ್ಮದಿಯಾಗಿ ಗುಣಿ ತೋಡಿದ. ಆಮೇಲೆ ಕೊರೊನಾ ಬಂತು. ಅದರ ಎರಡನೇ ಅಲೆಯಲ್ಲಿ ಕರುಣಾಕರ ಮೇಷ್ಟ್ರು ತೀರಿಕೊಂಡರು.

ಮೇಷ್ಟ್ರೆಂದರೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವರು. ದಿಕ್ಕು ತಪ್ಪಿ ಹೇಳಿದ ಹುಡುಗನ ಕಿವಿ ಹಿಂಡುತ್ತಿದ್ದವರು. ಅವರ ಹೆಂಡತಿ ಜೀವರತ್ನಮ್ಮ ಸರ್ಕಾರಿ ನರ್ಸು, ಅರ್ಧ ತಾಲ್ಲೂಕಿನ ಮಕ್ಕಳನ್ನು ಕೈಯಲ್ಲಿ ಹಿಡಿದೆತ್ತಿದವರು. ಗಂಡ ಸತ್ತ ದಿನ ಅವರೂ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. ಮಣ್ಣಿಗೆ ಬರಲು ನೆಂಟರಿಗೂ ಬಿಡುತ್ತಿರಲಿಲ್ಲ. ಆಂಬುಲೆನ್ಸಿನಲ್ಲಿ ಮೈತುಂಬ ಬಿಳಿ ಪ್ಲಾಸ್ಟಿಕ್ ತೊಟ್ಟ ಮೂವರು ಬಂದರು. ಪ್ಲಾಸ್ಟಿಕ್ಕಿನಲ್ಲೇ ಸುತ್ತಿದ್ದ ಮೇಷ್ಟ್ರನ್ನು ಹಗ್ಗ ಕೊಟ್ಟು ಇಳಿಸಿದರು. "ಹಾಕಿ ಹಾಕಿ, ಇನ್ನೂ ಎರಡು ಕಡೆ ಹೋಗ್ಬೇಕು" ಎಂದು ಅವಸರ ಮಾಡಿದರು. ರೇಣುಕಯ್ಯ ನಾಲ್ಕು ಮಂಕರಿ ಮಣ್ಣು ಸುರಿದು ಬಗ್ಗಿ ನೋಡಿದ. ಪಡುವಲ ತುದಿಯಲ್ಲಿ, ಪ್ಲಾಸ್ಟಿಕ್ಕಿನೊಳಗೆ ಒಂದು ಚೀಟಿ ಕಂಡಿತು. ಆಸ್ಪತ್ರೆಯವರು ಹೆಣದ ಕಾಲಿನ ಹೆಬ್ಬೆರಳಿಗೆ ಕಟ್ಟುವ ಚೀಟಿ. ತಲೆ ಇರಬೇಕಾದ ಕಡೆ ಕಾಲಿತ್ತು.

ಅವನು ಬಾಯಿ ತೆಗೆದ. ಆದರೆ ಆ ದಿನಗಳಲ್ಲಿ ಎಲ್ಲರಂತೆ ಅವನಿಗೂ ಹೆದರಿಕೆ. ತೆಗೆದ ಬಾಯನ್ನು ಮುಚ್ಚಿದ, ಗುಣಿಯನ್ನೂ ಮುಚ್ಚಿದ. ರೂಢಿಯಂತೆ ಪಡುವಲ ತುದಿಗೆ ಶಿಲುಬೆ ನೆಟ್ಟು ಮನೆಗೆ ಹೋಗಿ ಸ್ನಾನ ಮಾಡಿದ.

ಊರಿಗೆಲ್ಲಾ ಗುಣಿ ತೋಡಿದವನಿಗೆ ಆ ಒಂದು ಮಾತನ್ನು ಹೂಳಲು ಮಾತ್ರ ಆಗಲಿಲ್ಲ. ಗುಣವಾಗಿ ಬಂದ ಜೀವರತ್ನಮ್ಮ ಪ್ರತಿ ಭಾನುವಾರ ಚರ್ಚು ಮುಗಿಸಿ ಸಮಾಧಿಗೆ ಬರುವರು. ಶಿಲುಬೆಯ ಬುಡದಲ್ಲಿ ಕೂತು, ತಲೆ ಸವರುವಂತೆ ಮಣ್ಣು ಸವರುವರು. ವಾರದ ಸುದ್ದಿಯನ್ನೆಲ್ಲ ಅಲ್ಲಿ ಹೇಳುವರು. ಬೇಲಿ ಕಟ್ಟುತ್ತಲೋ ಕಸ ಕೀಳುತ್ತಲೋ ಇರುತ್ತಿದ್ದ ರೇಣುಕಯ್ಯ ಆ ಕೈ ಕಂಡರೆ ಕೆಲಸ ಬಿಟ್ಟು ಬೇಲಿಯ ಆಚೆಗೆ ಹೋಗಿಬಿಡುತ್ತಿದ್ದ. ತಾಯೀ, ಅದು ತಲೆಯಲ್ಲ, ಪಾದ ಎಂದು ಹೇಳುವುದು ಹೇಗೆ? ಸುಮ್ಮನಿರುವುದಾದರೂ ಹೇಗೆ? ಈ ನಂಬಿಕೆ ಅವನದಲ್ಲ, ನಿಜ. ಆದರೆ ಪಾತ್ರೆ ನಮ್ಮದಲ್ಲವೆಂದು ತೂತು ಮಾಡಿ ಹಿಂದಕ್ಕೆ ಕೊಡಲಾಗುತ್ತದೆಯೇ?

ನಾಲ್ಕು ವರ್ಷ ಹೀಗೇ ಕಳೆಯಿತು. ಈ ಸಲ ಈಸ್ಟರಿಗೆ ಮೂರು ವಾರ ಇರುವಾಗ, ಒಂದು ಬೆಳಿಗ್ಗೆ, ಜೀವರತ್ನಮ್ಮ ಕೋಲೂರಿಕೊಂಡು ಬಂದರು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮೇಷ್ಟ್ರ ಪಕ್ಕದ ಖಾಲಿ ಜಾಗವನ್ನು ಕೋಲಿನಿಂದ ತೋರಿಸಿದರು.

"ರೇಣುಕಯ್ಯ, ಇದು ನಂದು. ಡಾಕ್ಟ್ರು ಎದೆ ನೋಡಿ, ಇನ್ನು ಆಪರೇಷನ್ನು ಪಾಪರೇಷನ್ನು ಬೇಡ ಅಂದ್ರು. ಅದಕ್ಕೆ ಈಗ್ಲೇ ಹೇಳ್ತಿದೀನಿ, ಚೆನ್ನಾಗಿ ಕೇಳ್ಕೊ. ಅವರನ್ನ ಹೆಂಗೆ ಮಲಗಿಸಿದೀಯೋ ನನ್ನೂ ಹಂಗೇ ಮಲಗಿಸ್ಬೇಕು. ಎದ್ದಾಗ ಇಬ್ಬರ ಮುಖವೂ ಒಂದೇ ಕಡೆ ಇರ್ಬೇಕು."

ರೇಣುಕಯ್ಯ ಕಸ ಕೊಯ್ಯುತ್ತಿದ್ದ ಕುಡುಗೋಲನ್ನು ನೆಲಕ್ಕಿಟ್ಟ. ಹೂಂ ಅಂದುಬಿಟ್ಟರೆ ಮುಗಿಯಿತು. ಆದರೆ ಆಮೇಲೆ? ಮೇಷ್ಟ್ರಂತೆ ಮಲಗಿಸಿದರೆ ಈ ತಾಯಿಯೂ ತನ್ನ ಸ್ವಾಮಿಗೆ ಬೆನ್ನು ಹಾಕಿ ಏಳಬೇಕು. ಸರಿಯಾಗಿ ಮಲಗಿಸಿದರೆ ಗಂಡ ಒಂದು ದಿಕ್ಕು, ಹೆಂಡತಿ ಒಂದು ದಿಕ್ಕು. ಅವನು ಅವರ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ.

"ಅಮ್ಮಾವ್ರೇ, ತೆಪ್ಪಾಗೈತೆ" ಎಂದು ಶುರು ಮಾಡಿ, ಚೀಟಿ ಕಂಡದ್ದು, ಬಾಯಿ ಮುಚ್ಚಿದ್ದು, ಶಿಲುಬೆ ನೆಟ್ಟದ್ದು, ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಅರವತ್ತು ದಾಟಿದ ಆ ಗಂಡಸಿನ ಗಡ್ಡವೆಲ್ಲ ಒದ್ದೆಯಾಗಿತ್ತು.

ಜೀವರತ್ನಮ್ಮ ಶಿಲುಬೆಯ ಕಡೆ ನೋಡಿದರು, ಆ ತುದಿ ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡ ರೇಣುಕಯ್ಯ. ನೋಡಿದರೆ ನಗುತ್ತಿದ್ದರು.

"ಹಂಗಾದ್ರೆ ನಾಲ್ಕು ವರ್ಷದಿಂದ ನಾನು ಅವರ ಕಾಲೊತ್ತುತಿದೀನಿ ಅನ್ನು. ಬದುಕಿದ್ದಾಗ ಎಷ್ಟು ಕರೆದ್ರೂ ಒತ್ತಿಸ್ಕೊಳ್ತಿರಲಿಲ್ಲ ಮಹಾರಾಯರು."

"ನಗಬ್ಯಾಡಿ ಅಮ್ಮಾವ್ರೇ. ನೀವು ಹೂಂ ಅನ್ನಿ, ಚರ್ಚಿನ ಅಯ್ಯನೋರನ್ನ ಕೇಳಿ, ಅಗೆದು ಸರಿಯಾಗಿ ತಿರುಗಿಸಿ ಮಲಗಿಸ್ತೀನಿ."

"ಬೇಡ." ಅವರ ದನಿ ಈಗ ಹೆರಿಗೆ ಕೋಣೆಯ ದನಿಯಾಗಿತ್ತು. "ಮಲಗಿಸೋದು ನಿನ್ನ ಕೆಲಸ ರೇಣುಕಯ್ಯ. ಎಬ್ಬಿಸೋನು ಬೇರೆ ಇದಾನೆ. ಅವನ ಕೆಲಸಕ್ಕೆ ನೀನು ಕೈ ಹಾಕ್ಬೇಡ."

"ಉಲ್ಟಾ ಮಲಗಿದಾರಲ್ಲ ತಾಯಿ."

"ಉಲ್ಟಾ ಇದ್ರೇನು? ನಿನ್ನ ಮಗ ಗೌರೀಶ ಹೆಂಗೆ ಹುಟ್ಟಿದ?"

ರೇಣುಕಯ್ಯ ತಲೆ ತಗ್ಗಿಸಿದ. ಗೌರೀಶ ಕಾಲು ಮುಂದಾಗಿ ಬಂದ ಕೂಸು. ಹೆಂಡತಿ ದಾಸಮ್ಮ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒದ್ದಾಡಿದ್ದಳು. ಕೂಸು ಹೊರಗೆ ಬಂದಾಗ ಮೈ ನೀಲಿ, ಉಸಿರಿಲ್ಲ, ಅಳುವಿಲ್ಲ. ಬಾಗಿಲ ಸಂದಿಯಿಂದ ಅದನ್ನು ನೋಡಿದವನು ಒಂದು ಮಾತೂ ಆಡದೆ ಗುದ್ದಲಿ ಎತ್ತಿಕೊಂಡು ಹೋಗಿದ್ದ. ಬೇರೆಯವರ ಮಕ್ಕಳಿಗೆ ಮಾಡುವುದನ್ನೇ ತನ್ನ ಮಗುವಿಗೂ ಮಾಡಲು ಹೋಗಿದ್ದ. ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

"ಆವತ್ತು ನೀನು ಗುಣಿ ತೋಡಿ ಬಂದೆಯಲ್ಲ, ಬಾಗಿಲಿಗೆ ಬರೋ ಹೊತ್ತಿಗೆ ಏನು ಕೇಳಿಸ್ತು?"

"ಕೂಸು ಅಳ್ತಿತ್ತು."

"ಬಾಯಿಗೆ ಬಾಯಿಟ್ಟು ಊದಿದ್ದು ನಾನೇ. ಆದ್ರೆ ನನ್ನ ಕೈಲಿ ಇನ್ನಾಗಲ್ಲ ಅಂತ ಕೈ ಬಿಟ್ಟ ಮೇಲೆ ಅದು ಉಸಿರಾಡಿದ್ದು. ಇಷ್ಟು ವರ್ಷ ಇದನ್ನ ನಾನು ಯಾರಿಗೂ ಹೇಳಿಲ್ಲ. ಆಮೇಲೆ ಆ ಗುಣಿ ಏನ್ಮಾಡ್ದೆ?"

"ಮಾರನೇ ದಿನ ಹೋಗಿ ಮುಚ್ಚಿದೆ."

"ಒಳಗೆ ಯಾರಿದ್ರು?"

"ಯಾರೂ ಇರ್ಲಿಲ್ಲ ತಾಯಿ. ಬರೀ ಗುಣಿ."

"ಅಷ್ಟೇ ಕಣಪ್ಪ ನಮ್ಮ ನಂಬಿಕೆ" ಎಂದರು ಜೀವರತ್ನಮ್ಮ. "ಒಂದು ದಿನ ಎಲ್ಲಾ ಗುಣೀನೂ ಹಂಗೇ ಆಗುತ್ತೆ."

ರೇಣುಕಯ್ಯ ತಲೆ ಎತ್ತಿ ಅವರನ್ನು ನೋಡಿದ. ಮೂವತ್ತಾರು ವರ್ಷದ ಹಿಂದೆ ಆ ಖಾಲಿ ಗುಣಿಗೆ ಮಣ್ಣು ಎಳೆಯುವಾಗ ಅವನಿಗೆ ಆದದ್ದು ಏನೆಂದು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಸಂತೋಷಕ್ಕಿಂತ ದೊಡ್ಡದು ಯಾವುದೋ ಎದೆಗೆ ಬಂದು ನಿಂತಿತ್ತು. ಸುತ್ತ ನೋಡಿ, ಯಾರೂ ಇಲ್ಲದ್ದು ಕಂಡು, ಆ ಮಣ್ಣಿಗೆ ಕೈ ಮುಗಿದು ಬಂದಿದ್ದ. ಅದನ್ನೇ ಈ ತಾಯಿ ಈಗ ಇಡೀ ತೋಟಕ್ಕೆ ಹರಡಿ ಹೇಳುತ್ತಿದ್ದರು.

"ನನ್ನನ್ನ ಸರಿಯಾಗೇ ಮಲಗಿಸು, ತಲೆ ಪಡುವಲಿಗೆ" ಎಂದು ಜೀವರತ್ನಮ್ಮ ಏಳಲು ಕೋಲು ಊರಿದರು. "ಅವರು ಬೆನ್ನು ಹಾಕಿ ಎದ್ರೆ ಏಳ್ಲಿ. ಬೆಟ್ಟ ನೋಡೋದು ಅಂದ್ರೆ ಅವರಿಗೆ ಮೊದ್ಲಿಂದ ಆಸೆ, ಒಂದು ಗಳಿಗೆ ನೋಡ್ಕೊಳ್ಳಲಿ. ನಮ್ಮ ಸ್ವಾಮಿ ಗುಣಿಯಿಂದ ಎದ್ದ ದಿನಾನೂ ಅವನ ಶಿಷ್ಯೆ ಒಬ್ಬಳು, ಗುಣಿ ಖಾಲಿ ಅಂತ, ಹಿಂಗೇ ಆ ಕಡೆ ಮುಖ ಮಾಡಿ ಅಳ್ತಾ ಇದ್ಲಂತೆ. ಹಿಂದೆ ನಿಂತಿದ್ದ ಅವನು ಹೆಸರು ಹಿಡಿದು ಕರೆದ ಮೇಲೆ ತಿರುಗಿದ್ದು. ನಾನೂ ಇವರನ್ನ ಹೆಸರು ಹಿಡಿದು ಕರೀತೀನಿ. ನಲವತ್ತೊಂದು ವರ್ಷ ಬರೀ 'ರೀ' ಅಂದಿದ್ದೇ ಆಯ್ತು. ಇಬ್ಬರೂ ಎದುರುಬದುರು ಕೂತು ಉಂಡಿದ್ದೂ ಅಷ್ಟಕ್ಕಷ್ಟೇ. ನನಗೆ ಡ್ಯೂಟಿ ಮುಗಿಯೋ ಹೊತ್ತಿಗೆ ಅವರಿಗೆ ಸ್ಕೂಲು."

ಹೋಗುವ ಮುಂಚೆ ಅವರು ಶಿಲುಬೆಯ ಬುಡಕ್ಕೆ ಬಗ್ಗಿ, ಎರಡೂ ಕೈಯಿಂದ ಮಣ್ಣನ್ನು ಮೆಲ್ಲಗೆ ಒತ್ತಿದರು. ಆಮೇಲೆ ಮೂಡಲ ತುದಿಗೆ ಹೋಗಿ, ನಾಲ್ಕು ವರ್ಷದಲ್ಲಿ ಮೊದಲ ಸಲ ಗಂಡನ ತಲೆ ಸವರಿದರು. ರೇಣುಕಯ್ಯ ಮುಖ ಆ ಕಡೆ ತಿರುಗಿಸಿಕೊಂಡ.

ಈಸ್ಟರ್ ಆರಾಧನೆ ಆ ತೋಟದಲ್ಲೇ ಮುಂಜಾನೆ ನಡೆಯಿತು. ಜೀವರತ್ನಮ್ಮ ಕುರ್ಚಿಯಲ್ಲಿ ಕೂತು ಎಲ್ಲರೊಂದಿಗೆ ಹಾಡಿದರು. ಅದಾದ ಒಂಬತ್ತನೆಯ ದಿನ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಹೋಗಿಬಿಟ್ಟರು. ಮಾರನೇ ದಿನ ಸಂಜೆ ನಾಲ್ಕಕ್ಕೆ ಮಣ್ಣು ಎಂದು ಚರ್ಚಿನವರು ಹೇಳಿ ಕಳಿಸಿದರು.

ಬೆಳಿಗ್ಗೆಯೇ ರೇಣುಕಯ್ಯ ತೋಡಲು ಹೋದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗೌರೀಶ ರಜಾ ಹಾಕಿ ಜೊತೆಗೆ ಬಂದ. "ನನ್ನನ್ನ ಎತ್ಕೊಂಡ ಕೈ ಅದು, ನಾನೂ ತೋಡ್ತೀನಿ" ಎಂದಿದ್ದ. ಇಬ್ಬರೂ ಮೊಣಕಾಲುದ್ದ ಇಳಿದಿದ್ದರು. ಮೂಡಲ ತುದಿಯಲ್ಲಿ ಹಾರೆ ಠಣ್ಣೆಂದಿತು. ಬಂಡೆ. ಮಧುಗಿರಿಯ ಮಣ್ಣೆಂದರೆ ಹಾಗೇ, ಎಲ್ಲಿ ಕೆದಕಿದರೂ ಬೆಟ್ಟದ ನೆಂಟರು ಸಿಗುತ್ತಾರೆ. ಒಡೆಯಲು ನೋಡಿದರು, ಅದು ಜಗ್ಗಲಿಲ್ಲ. ಕೊನೆಗೆ ಗುಣಿಯನ್ನೇ ಮೂರಡಿ ಪಡುವಲಿಗೆ ಸರಿಸಿ ತೋಡಿದರು. ಮೇಷ್ಟ್ರ ಗುಣಿಗೂ ಇದಕ್ಕೂ ಸಾಲು ತಪ್ಪಿತು. ಇದೂ ಸೊಟ್ಟ ಆಯಿತಲ್ಲ ಎಂದು ರೇಣುಕಯ್ಯನಿಗೆ ಬೇಜಾರಾಯಿತು.

ಮೊಣಕಾಲು ದಾಟಿ ಆಳವಾದಾಗ, ಉದ್ದ ಸಾಕೇ ಎಂದು ನೋಡಲು ಅವನು ಒಳಗಿಳಿದು, ತಲೆ ಪಡುವಲಿಗೆ ಮಾಡಿ ಮಲಗಿದ. ಅಪ್ಪನಿಂದ ಕಲಿತ ರೂಢಿ, ತನಗೆ ಹಿಡಿಸಿದರೆ ಎಲ್ಲರಿಗೂ ಹಿಡಿಸುತ್ತದೆ. ಮೇಲೆ ಬೇವಿನ ಕೊಂಬೆ, ಅದರಾಚೆ ಆಕಾಶ. ಎದ್ದು ಕೂತ. ಬಿಸಿಲು ನೇರ ಮುಖಕ್ಕೆ ಬಿತ್ತು. ಕಣ್ಣು ಕಿರಿದು ಮಾಡಿ ಪಕ್ಕದ ದಿಬ್ಬ ನೋಡಿದವನು ಬೆರಳು ಮಾಡಿ ದಿಕ್ಕು ಲೆಕ್ಕ ಹಾಕಿದ.

ತಾನು ಕೂತಿರುವುದು ಜೀವರತ್ನಮ್ಮ ಎದ್ದು ಕೂರುವ ಜಾಗ. ಮುಖ ಮೂಡಲಿಗೆ. ಆ ದಿಬ್ಬದಡಿ ತಲೆ ಮೂಡಲಿಗೆ ಮಾಡಿ ಮಲಗಿರುವ ಮೇಷ್ಟ್ರು ಎದ್ದು ಕೂತರೆ, ಮೂರಡಿ ಆಚೆ, ಮುಖ ಪಡುವಲಿಗೆ. ಅಂದರೆ ಈ ಕಡೆಗೆ. ಬೆನ್ನು ಹಾಕುವ ಮಾತೇ ಇಲ್ಲ. ಇಬ್ಬರೂ ಎದುರುಬದುರು, ತಟ್ಟೆ ಇಟ್ಟುಕೊಂಡು ಉಣ್ಣಲು ಕೂತವರಂತೆ. ಅವನ ಹೆದರಿಕೆಯ ತಪ್ಪೂ, ಆ ಮೊಂಡು ಬಂಡೆಯೂ ಸೇರಿ, ಯಾರೂ ಕೇಳದೆ, ಯಾರೂ ಅಳೆಯದೆ, ಮುಖಕ್ಕೆ ಮುಖ ಕೊಟ್ಟು ಕೂರಿಸಿದ್ದವು. ಮೇಷ್ಟ್ರನ್ನು ಆವತ್ತೇ ಸರಿಯಾಗಿ ಮಲಗಿಸಿದ್ದರೆ ಇಬ್ಬರೂ ಬಿಸಿಲನ್ನೇ ನೋಡುತ್ತಿದ್ದರು.

ರೇಣುಕಯ್ಯನಿಗೆ ಅಲ್ಲಿ ಕೂತಿರಲು ಭಯವಾಯಿತು, ಏಳಲೂ ಮನಸ್ಸಾಗಲಿಲ್ಲ. ಮೂವತ್ತಾರು ವರ್ಷದ ಹಿಂದೆ ಎದೆಗೆ ಬಂದು ನಿಂತದ್ದೇ ಮತ್ತೆ ಬಂದು ನಿಂತಿತು.

"ಒಳಗೆ ಕೂತು ಏನ್ ಮಾಡ್ತಿದೀಯಪ್ಪಾ?" ಎಂದು ಮೇಲಿನಿಂದ ಗೌರೀಶ ಕೇಳಿದ.

ರೇಣುಕಯ್ಯ ಕೈ ಮಾಡಿ ತೋರಿಸಿ, ಮೇಷ್ಟ್ರ ತಲೆ ಯಾವ ಕಡೆ ಇದೆ ಎಂಬುದರಿಂದ ಹಿಡಿದು ಎಲ್ಲ ಹೇಳಿದ. ಗೌರೀಶ ದಿಬ್ಬ ನೋಡಿದ, ಗುಣಿ ನೋಡಿದ, ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪಾಪ, ಇದು ಅಮ್ಮಾವ್ರಿಗೆ ಗೊತ್ತಾಗ್ಲೇ ಇಲ್ವಲ್ಲಪ್ಪಾ" ಎಂದ.

"ಎದ್ದಾಗ ಗೊತ್ತಾಗುತ್ತೆ ಬುಡು."

ಪಾವಗಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವಂತೆ ಹೇಳಿಬಿಟ್ಟಿದ್ದ. ತಾನು ಆಡಿದ್ದು ಆಮೇಲೆ ಅವನ ಕಿವಿಗೆ ಬಿತ್ತು. ಬೇವಿನ ನೆರಳಲ್ಲಿ ನಲವತ್ತು ಐವತ್ತು ದಿಬ್ಬಗಳಿದ್ದವು. ಹೆಚ್ಚಿನವು ಅವನೇ ಮುಚ್ಚಿದವು. ಅವನ್ನೆಲ್ಲ ಒಂದೊಂದಾಗಿ ನೋಡಿದ, ಬೆಳಗಿನ ಜಾವ ಮಲಗಿರುವವರ ಮನೆ ಮುಂದೆ ಹಾದು ಹೋಗುವವನ ಹಾಗೆ, ಸದ್ದಿಲ್ಲದೆ.

"ಕೈ ಕೊಡ್ಲಾ, ಎಳ್ಕೊ" ಎಂದ ಕೊನೆಗೆ.

ಗೌರೀಶ ಬಗ್ಗಿ ಕೈ ಚಾಚಿದ. ರೇಣುಕಯ್ಯ ಮಗನ ಕೈ ಹಿಡಿದು ಗುಣಿಯಿಂದ ಎದ್ದು ಬಂದ.