ಒಂದು ಕೋಣೆ ಬಿಟ್ಟಿದೆ

ಬಸ್ಸು ಕಾಮಾಕ್ಷಿಪಾಳ್ಯ ದಾಟುವಷ್ಟರಲ್ಲಿ ಮತ್ತೆ ನಿಂತಿತು. ಮುಂದೆ ಯಾವನದೋ ಇಟ್ಟಿಗೆ ಲಾರಿ ರಸ್ತೆಗೆ ಅಡ್ಡ ನಿಂತಿತ್ತು. ಡ್ರೈವರು ನಿಧಾನಕ್ಕೆ ಬೀಡಿ ಹಚ್ಚಿದ. ಕಂಬಿ ಹಿಡಿದು ನಿಂತಿದ್ದ ಇಂದ್ರಮ್ಮನಿಗೆ ಆ ಬೀಡಿಯನ್ನು ಕಿತ್ತು ಕಿಟಕಿಯಾಚೆ ಎಸೆಯಬೇಕೆನ್ನಿಸಿತು. ಬಸ್ಸಿನಲ್ಲಿದ್ದವರಿಗೆಲ್ಲ ಪುರುಸೊತ್ತಿತ್ತು, ಅವಳೊಬ್ಬಳಿಗೆ ಇರಲಿಲ್ಲ.

ರಾಜಾಜಿನಗರದ ಕಾಲೇಜಿನಲ್ಲಿ ಅವಳು ಪ್ರಾಣಿಶಾಸ್ತ್ರದ ಮೇಡಂ. ಟೀ ತಂದಿಟ್ಟ ಅಟೆಂಡರ್ ಕೆಂಪಯ್ಯ ಸುಂಕದಕಟ್ಟೆಯವನು. ಕೇಳದಿದ್ದರೂ ತನ್ನ ಮನೆಯ ಗೋಳು ಹೇಳಿಕೊಂಡಿದ್ದ. "ಪಾತ್ರೆ ಪಡಗ ಎಲ್ಲ ಬೀದಿಗೆ ಹಾಕ್ಬುಟ್ಟು ಬಂದಿವ್ನಿ ಮೇಡಂ. ಮಲೇರಿಯಾದೋರು ಡಿಡಿಟಿ ಹೊಡೀತಾವ್ರೆ. ನಮ್ಮದು ಮುಗಿಸ್ಕಂಡು ನಿಮ್ಮ ಹೆಗ್ಗನಹಳ್ಳಿಗೇ ಬರೋದು." ಇಂದ್ರಮ್ಮ ಟೀ ಮುಟ್ಟಲಿಲ್ಲ. ಕ್ಲಾಸು ಬಿಟ್ಟು, ಪ್ರಿನ್ಸಿಪಾಲರಿಗೂ ಹೇಳದೆ ಬಸ್ಸು ಹತ್ತಿದ್ದಳು.

ಹೆಗ್ಗನಹಳ್ಳಿಯ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿ ಚೌಕಟ್ಟಿನ ಮೂಲೆಗೆ, ಒಂದು ಹೆಣ್ಣು ಜೇಡ ಕೂತಿತ್ತು. ಬಲೆ ಕಟ್ಟಿ ಕಾಯುವ ಜಾತಿಯಲ್ಲ, ನೆಗೆಯುವ ಜೇಡ. ಬೆಕ್ಕಿನ ಹಾಗೆ ಹೊಂಚು ಹಾಕಿ ನೊಣದ ಮೇಲೆ ಹಾರುವಂಥದ್ದು. ಮನುಷ್ಯರು ಹತ್ತಿರ ಬಂದರೆ ಓಡುವುದಿಲ್ಲ. ಮೈ ತಿರುಗಿಸಿ, ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ನೆಟ್ಟಗೆ ನೋಡುತ್ತದೆ. ಇದರ ಮುಂದೆ ಗಂಡು ಮುಂಗಾಲೆತ್ತಿ ಕುಣಿದದ್ದನ್ನು, ಇದು ಬಹಳ ಹೊತ್ತು ನೋಡಿ ಒಪ್ಪಿದ್ದನ್ನು, ಆಮೇಲೆ ಬಿಳಿ ನೂಲಿನ ಚೀಲ ನೇಯ್ದು ಅದರೊಳಗೆ ಮೊಟ್ಟೆಯಿಟ್ಟದ್ದನ್ನು ಇಂದ್ರಮ್ಮ ಕಣ್ಣಾರೆ ಕಂಡಿದ್ದಳು. ಅಲ್ಲಿಂದ ಈಚೆಗೆ ತಾಯಿ ಚೀಲ ಬಿಟ್ಟು ಕದಲಿರಲಿಲ್ಲ. ಬಾಯಿಗೆ ನೊಣ ಹಿಡಿದರೂ ಮುಟ್ಟಿರಲಿಲ್ಲ. ಮರಿ ಹೊರಬರುವ ತನಕ ಹೀಗೇ ಉಪವಾಸ ಇರುತ್ತದೋ, ಬಂದ ಮೇಲೂ ಕಾಯುತ್ತದೋ? ಅವಳ ಪಿಎಚ್.ಡಿ. ನಿಂತಿದ್ದೇ ಈ ಮಾತಿನ ಮೇಲೆ. ಸೀಸೆಗೆ ಹಾಕಿದರೆ ತಾಯಿ ಮೊಟ್ಟೆ ಬಿಟ್ಟುಬಿಡುತ್ತಿತ್ತು, ಕದಲಿಸುವ ಹಾಗಿಲ್ಲ. ಗೈಡ್ ನಂಜುಂಡಪ್ಪನವರಿಗೆ ಈ ವರ್ಷ ನಿವೃತ್ತಿ. ಒಂದಾದರೂ ಗೂಡನ್ನು ಮೊದಲಿಂದ ಕಡೆವರೆಗೆ ನೋಡಿ ಬಾ, ಇಲ್ಲದಿದ್ದರೆ ನನ್ನ ರುಜು ಇಲ್ಲ ಅಂದಿದ್ದರು.

ಹೋದ ವರ್ಷದ ಗೂಡು ಅತ್ತೆ ಚಿಕ್ಕಗಂಗಮ್ಮನ ಪೊರಕೆಗೆ ಬಲಿಯಾಗಿತ್ತು. ಹಬ್ಬಕ್ಕೆ ಧೂಳು ಹೊಡೆಯುವಾಗ ಅದನ್ನೂ ಸೇರಿಸಿ ಗುಡಿಸಿ, "ಜೇಡ ಸಾಕೋ ಮನೇಲಿ ತೊಟ್ಲು ಕಟ್ಟಾಕಾಯ್ತದಾ?" ಅಂದಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ತೊಟ್ಟಿಲು ಅಟ್ಟದ ಮೇಲೇ ಇತ್ತು. ಆ ಮಾತು ಇಂದ್ರಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತ್ತು. ಮೊನ್ನೆ ಅತ್ತೆ ಮೊಳಕೈ ಮೇಲಿನ ಬೊಬ್ಬೆ ತೋರಿಸಿ, ನಿನ್ನ ಜೇಡ ಉಚ್ಚೆ ಹೊಯ್ದದ್ದು ಎಂದು ರಂಪ ಮಾಡಿದಾಗ ಸೊಸೆಯೂ ಬಾಯಿಬಿಟ್ಟಿದ್ದಳು: ಅದು ಅನ್ನ ನೀರು ಬಿಟ್ಟು ಮೊಟ್ಟೆ ತಬ್ಬಿಕೊಂಡು ಕೂತಿದೆ, ನಿಮ್ಮ ಮೇಲೆ ಉಚ್ಚೆ ಹೊಯ್ಯೋಕೆ ಅದಕ್ಕೆ ಪುರುಸೊತ್ತಿಲ್ಲ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಅಂಥ ಮುದುಕಿ ಒಬ್ಬಳೇ ಇರುವ ಮನೆಗೆ ಇವತ್ತು ಡಿಡಿಟಿ. ತಿಗಣೆ ಕಾಟಕ್ಕೆ ಆಕೆ ಅವರ ದಾರಿಯನ್ನೇ ಕಾಯುತ್ತಿದ್ದಳು.

ಸುಂಕದಕಟ್ಟೆಯಲ್ಲಿ ಇಳಿದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುವ ಹಾಗೆ ನಡೆದಳು. ಊರು ಹತ್ತಿರವಾದಂತೆ ಗಾಟು ಮೂಗಿಗೆ ಬಡಿಯಿತು. ಬೀದಿ ತುಂಬ ಮಂಚ, ಹಂಡೆ, ಚಾಪೆ. ಡಿಡಿಟಿ ಪಂಪಿನವರು ಆಗಲೇ ಆಚೆ ಬೀದಿಗೆ ದಾಟಿದ್ದರು.

ಅವಳ ಮನೆಯ ಬಾಗಿಲು ಹಾರು ಹೊಡೆದಿತ್ತು. ನಡುಮನೆಯ ಗೋಡೆಯ ಮೇಲೆಲ್ಲ ಬಿಳೀ ನೀರು ಇನ್ನೂ ಇಳಿಯುತ್ತಿತ್ತು. ಜಿರಲೆಗಳು ಅಂಗಾತ ಬಿದ್ದು ಕಾಲಾಡಿಸುತ್ತಿದ್ದವು. ಹಿಂದಿನ ಕೋಣೆಯ ಕದ ಮುಚ್ಚಿತ್ತು. ಹೊಸಲಿಗೆ ಅಡ್ಡ ಕಾಲು ಚಾಚಿ, ಮೂಗಿಗೆ ಸೆರಗು ಒತ್ತಿಕೊಂಡು ಚಿಕ್ಕಗಂಗಮ್ಮ ಕೂತಿದ್ದಳು.

"ಇಲ್ಲಿಗೂ ಹೊಡೆದ್ರಾ?"

ಮುದುಕಿ ಬೀದಿ ಬಾಗಿಲ ಕಡೆ ಗದ್ದ ತಿರುವಿದಳು. ಅವಸರದಲ್ಲಿ ಇಂದ್ರಮ್ಮ ಅದನ್ನು ನೋಡಿರಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಇಲಾಖೆಯವರು ಸೀಮೆಸುಣ್ಣದಲ್ಲಿ ಬರೆದು ಹೋಗಿದ್ದರು: ಒಂದು ಕೋಣೆ ಬಿಟ್ಟಿದೆ. ಬಾಣಂತಿ.

ಪಂಪಿನವನು ಸುಮ್ಮನೆ ಬಿಟ್ಟಿರಲಿಲ್ಲವಂತೆ. ಒಂದು ಗಳಿಗೆ ಬಾಣಂತಿಯನ್ನ ಪಕ್ಕದ ಮನೆಯಲ್ಲಿ ಕೂರಿಸಿ ಅಂದನಂತೆ. ಹಸೀ ಬಾಣಂತಿ, ಗಾಳಿ ಸೋಕಬಾರದು, ನಿಮ್ಮನೆಯಾಗಾದರೆ ಹಿಂಗೇ ಬೀದಿಗೆ ಎಳೀತೀಯೇನಪ್ಪ ಅಂತ ಅತ್ತೆ ಅಂದಿದ್ದಕ್ಕೆ ಬಾಯಿ ಮುಚ್ಚಿಕೊಂಡು ಹೋದನಂತೆ.

"ಅತ್ತೆ, ಊರೋರು ಓದಿದ್ರೆ ಏನಂದ್ಕೊಳ್ಳಲ್ಲ? ಸುಳ್ಳು ಯಾಕೆ ಹೇಳೋಕೆ ಹೋದ್ರಿ?"

"ಸುಳ್ಳಾ? ಅನ್ನ ನೀರು ಬಿಟ್ಟು ಮೊಟ್ಟೆ ತಬ್ಕಂಡು ಕೂತವ್ಳೆ ಅಂತ ಮೊನ್ನೆ ಬಾಯ್ ಬಡ್ಕಂಡೋಳು ನೀನೇ ಅಲ್ವಾ? ಅಂಥೋಳ್ನ ಇನ್ನೇನಂತಾರೆ ಕಣೇ?"

ಇಂದ್ರಮ್ಮ ಕದವನ್ನು ಬೆರಳಗಲ ತೆರೆದಳು. ಕಿಟಕಿ ಮೂಲೆಯ ಬಿಳೀ ಚೀಲದ ಬಾಯಲ್ಲಿ ಜೇಡ ಅಲುಗಾಡದೆ ಇತ್ತು. ಒಂದು ಗಳಿಗೆ ಬಿಟ್ಟು ಅದು ಮೈ ತಿರುಗಿಸಿ ಎರಡು ಕರೀ ಕಣ್ಣುಗಳನ್ನು ಅವಳ ಮೇಲಿಟ್ಟಿತು.

ಕದ ಮುಚ್ಚುವುದಕ್ಕೂ ಎದುರು ಮನೆಯ ಪಾಪಮ್ಮ ಒಳಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಒಂದು ಕಂತೆ ಸಬ್ಬಸಿಗೆ ಸೊಪ್ಪು. ಬಾಣಂತಿಗೆ ಹಾಲಾಗಲಿ ಎಂದು ಹಿತ್ತಲಿನಿಂದ ಕಿತ್ತು ತಂದದ್ದು. ಕಣ್ಣು ಮಾತ್ರ ಇಂದ್ರಮ್ಮನ ಹೊಟ್ಟೆಯ ಮೇಲೆಯೇ ಇತ್ತು.

"ಯಾರವ್ವಾ ಬಾಣ್ತಿ? ನಮ್ಗೊಂದು ಮಾತೂ ಹೇಳ್ದಂಗೆ..."

ಚಿಕ್ಕಗಂಗಮ್ಮ ಮೊಣಕಾಲಿಗೆ ಕೈ ಊರಿ ಎದ್ದಳು, ಸೊಪ್ಪು ಇಸಿದುಕೊಂಡಳು. "ನಮ್ಮೋಳೇ. ದೃಷ್ಟಿ ಆಯ್ತದೆ, ನೋಡಂಗಿಲ್ಲ. ಮರಿ ಆಗ್ಲಿ, ಕರೀತೀನಿ." ಪಾಪಮ್ಮ ಮರಿ ಎಂಬ ಮಾತನ್ನು ಬಾಯಲ್ಲೇ ಮೆಲುಕು ಹಾಕುತ್ತ ಹೊರಟುಹೋದಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಶಿಫ್ಟು ಮುಗಿಸಿ ಬರುವ ಗಂಡನನ್ನು ಹೋಟೆಲಿನ ಮುಂದೆಯೇ ಯಾರಾದರೂ ಕೈಕುಲುಕಿ ಕೇಳುತ್ತಾರೆ. ಮರಿಯಾಗದೆ ಹೋದರೆ ಅದನ್ನೂ ಕೇಳುತ್ತಾರೆ. ಇಂದ್ರಮ್ಮ ಬಚ್ಚಲಿಗೆ ಹೋಗಿ ಹಳೇ ಪಂಚೆಯ ತುಂಡೊಂದನ್ನು ನೀರಿಗದ್ದಿ ತಂದಳು. ಗೋಡೆಯ ಅಕ್ಷರಕ್ಕೆ ಕೈ ಎತ್ತಿದಳು.

ಅಡಿಗೆಮನೆಯಲ್ಲಿ ಚಿಕ್ಕಗಂಗಮ್ಮ ಸೊಪ್ಪು ಬಿಡಿಸಲು ಕೂತಿದ್ದಳು. ವಿಷದ ಗಾಟಿನ ನಡುವೆಯೇ ಸಬ್ಬಸಿಗೆಯ ವಾಸನೆ ತೇಲಿಬಂತು. ಗಾಳಿಯೊಂದು ಆ ಗಾಟನ್ನು ಹೊತ್ತು ನಡುಮನೆಯನ್ನು ಹಾದು ಹಿಂದಿನ ಕೋಣೆಯ ಕಡೆ ನುಗ್ಗಿತು.

ಇಂದ್ರಮ್ಮ ಎತ್ತಿದ ಕೈ ಇಳಿಸಿದಳು. ಹಿಂದಿನ ಕೋಣೆಯ ಮುಂದೆ ಮಂಡಿಯೂರಿ, ಒದ್ದೆ ಬಟ್ಟೆಯನ್ನು ಕದದ ಕೆಳಗಿನ ಸಂದಿಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿನಿಂದ ಒತ್ತಿ ಒತ್ತಿ ತುರುಕಿದಳು.