ಮೇಲಿನ ಹಲ್ಲು

ಬೆರಳ ತುದಿಯಲ್ಲಿ ಇನ್ನೂ ಆ ತರಿತರಿ, ಸಾಬೂನು ಹಚ್ಚಿ ತಿಕ್ಕಿದರೂ ಹೋಗಿಲ್ಲ, ಬೆಳಿಗ್ಗೆ ಕಾಲೇಜಿನಲ್ಲಿ ಹುಡುಗರಿಗೆ ಕೊಯ್ದು ತೋರಿಸಿದ ಶಾರ್ಕ್ ಮೀನಿನ ಚರ್ಮ — ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಬಡಗಿಯ ಉಪ್ಪುಕಾಗದ — ಮುಟ್ಟಿ ನೋಡ್ರಪಾ, ಇವು ಒಂದೊಂದೂ ಸಣ್ಣ ಹಲ್ಲ, ಎಂದು ಅರ್ಜುನಪ್ಪ ಹೇಳಿದಾಗ ಹುಡುಗರು ನಕ್ಕಿದ್ದರು, ನಗಲಿ, ಮೈಮೇಲೆ ಹುಟ್ಟಿದ್ದೇ ಬಾಯಂಚಿಗೆ ಸರಿದು ಹಲ್ಲಾಯಿತಂತೆ, ಕಿವಿರಿನ ಕಮಾನು ಬಾಗಿ ದವಡೆಯಾಯಿತಂತೆ, ಅದಕ್ಕೂ ಮೊದಲು ಮೀನಿಗೆ ಬಾಯಿ ಅಂದರೆ ಬರೀ ಹೀರುವ ತೂತು, ಕಚ್ಚುವ ಸುಖವೇ ಗೊತ್ತಿಲ್ಲ, ಪಾಪ! ಎಷ್ಟು ಕೋಟಿ ವರ್ಷದ ಆಸ್ತಿ, ತಲೆಯಿಂದ ತಲೆಗೆ ಇಳಿದು ಬಂದು ಕಡೆಗೆ ವಿದ್ಯಾನಗರದಲ್ಲಿ ತಂಗಿ ಸತ್ಯವ್ವನ ಮಗಳ ವಸಡಿನಲ್ಲಿ ಮೊಳೆಯಿತು, ಅದೂ ಮೇಲಿನ ವಸಡಿನಲ್ಲೇ, ಕೆಳಗಿನದು ಮೊದಲು ಬಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು — ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು, ಊರಿಗೇ ಗೊತ್ತು, ಅಣ್ಣಾ ನೀ ಬರಬ್ಯಾಡ, ಕೂಸಿನ ಮಾರಿ ನೋಡಬ್ಯಾಡ, ನನಗ ಇರಾವ ನೀ ಒಬ್ಬನ, ಎಂದು ಹೋದ ತಿಂಗಳು ಬಾಗಿಲಲ್ಲೇ ಅತ್ತವಳು, ಆ ಕಣ್ಣೀರಿನ ಮುಂದೆ ಇವನ ಪ್ರಾಣಿಶಾಸ್ತ್ರವೆಲ್ಲ ಬಾಲ ಮುದುರಿತ್ತು, ಆದರೆ ಸೋದರಸೊಸೆಯನ್ನು ಎತ್ತಿಕೊಳ್ಳದೆ ಎಷ್ಟು ದಿನ, ಕೈ ತುರಿಸುತ್ತದೆ — ಕಂಡಕ್ಟರ್ ನಯಾಪೈಸೆ ಚಿಲ್ಲರೆಗೆ ಗೊಣಗಿದ, ಉಣಕಲ್ಲ ಕೆರೆ ಹಿಂದೆ ಬಿತ್ತು, ಇಳಿಯಬೇಕು.

ಬಾಗಿಲಲ್ಲಿ ಸತ್ಯವ್ವ, ಇವನನ್ನು ಕಂಡವಳೇ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು, ನಿನ್ನ ಕಾಲಿಗೆ ಬೀಳ್ತೇನಿ ಅಣ್ಣಾ, ಹೊಳ್ಳಿ ಹೋಗು — ಸೆರಗಿನಡಿಯಿಂದ ಒಂದು ಪುಟ್ಟ ಪಾದ ಒದೆಯಿತು, ಹೇಗೆ ಹೊಳ್ಳಲಿ — ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು, ಅವ್ವ, ಹೆಬ್ಬಳ್ಳಿಯಿಂದ ನಿನ್ನೆ ಬಂದವಳು, ಏನಬೇ ನಿನ್ನ ಗದ್ದಲ, ಒಳಗ ಕರಿ ಅವನ್ನ, ಅವಗೂ ಮ್ಯಾಲಿನ ಹಲ್ಲ ಮೊದಲ ಬಂದಿತ್ತು — ಏನಂದಿ ಯವ್ವಾ? — ಹೂಂ, ಅವನ ಸೋದರಮಾವ ಮೈಲಾರಪ್ಪ ಸತ್ತಾನೇನು, ಮೊನ್ನಿ ನನ್ನ ಮುಂದ ಕುಂತು ಕಬ್ಬ ಹಲ್ಲಿಲೆ ಸಿಗಿದು ತಿಂದಾನ — ಅಯ್ಯ ಶಿವನ, ಮೊದಲ ಯಾಕ ಹೇಳಲಿಲ್ಲ? — ಯಾರ ಕೇಳಿದ್ರಿ, ಕೇಳದ ಹೇಳಿದ್ರ ಮುದುಕಿಗೆ ಅರಳು ಮರಳು ಅಂತೀರಿ.

ಸತ್ಯವ್ವ ನಗುತ್ತ, ಅಳುತ್ತ, ಕೂಸನ್ನು ತಂದು ಅವನ ಕೈಯಲ್ಲಿ ಹಾಕಿದಳು, ಎಷ್ಟು ಭಾರವಾಗಿದ್ದಾಳೆ ಕಳ್ಳಿ, ಎಷ್ಟು ಬಿಸಿ, ಎಂಥ ಸಂತೋಷವಪ್ಪಾ ಇದು, ತನ್ನ ಹಲ್ಲೇ ಈಕೆಗೆ ಬಂತಲ್ಲ, ಮೀನಿನಿಂದ ಯಾರು ಯಾರಿಗೋ, ಅವರಿಂದ ತನಗೆ, ಈಗ — ಕೂಸು ಅವನ ಬೆರಳು ಹಿಡಿದು ಬಾಯಿಗೆ ಎಳೆದುಕೊಂಡಿತು, ಹಾ, ಬೆರಳು ಚುರುಕ್ ಎಂದಿತು, ಮೀನು ಸಮುದ್ರ ಕೋಟಿ ವರ್ಷ ಎಲ್ಲ ಅಲ್ಲೇ ನಿಂತವು, ಬೆರಳ ತುದಿಯಲ್ಲಿ ಆ ತರಿ, ಅಕ್ಕಿಕಾಳಿನಷ್ಟು, ಮೇಲಿನ ಹಲ್ಲು —